ಶಾಕ್ ಹೊಡೆದದ್ದು ಕಮಾನಿನಲ್ಲಿ, ಟ್ರಿಪ್ ಆದದ್ದು ಅಡುಗೆಮನೆಯಲ್ಲಿ: ಒಂದು ಕಲ್ಯಾಣ ಮಂಟಪದ ಜನರೇಟರ್ ಪ್ರಕರಣ

ಚಿತ್ರದುರ್ಗದ ಹೊರವಲಯದಲ್ಲಿರುವ ಒಂದು ಕಲ್ಯಾಣ ಮಂಟಪ. ಬೇಸಿಗೆಯ ಮದುವೆ ಸೀಸನ್, ಮದುವೆಯ ಹಿಂದಿನ ರಾತ್ರಿ. ಮುಂಬಾಗಿಲಿನ ಕಬ್ಬಿಣದ ಪೈಪಿನ ಕಮಾನಿಗೆ ಸೀರಿಯಲ್ ಸೆಟ್ ಕಟ್ಟುತ್ತಿದ್ದ ಶಾಮಿಯಾನದ ಹುಡುಗ ಶಾಕ್ ಹೊಡೆದು ಹಿಂದಕ್ಕೆ ಬಿದ್ದ. ಅವನದು ಬರಿಗಾಲು. ಧೂಳು ಏಳದಿರಲಿ ಎಂದು ನೆಲಕ್ಕೆ ಆಗಷ್ಟೇ ನೀರು ಚಿಮುಕಿಸಿದ್ದರು. ಅಂಗೈ ಸುಟ್ಟಿತ್ತು. ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಒಂದು ರಾತ್ರಿ ಇಟ್ಟುಕೊಂಡು ಮನೆಗೆ ಕಳುಹಿಸಿದರು. ಹುಡುಗ ಉಳಿದ.

ಅವನು ಬಿದ್ದ ಗಳಿಗೆಯಲ್ಲೇ, ಕಮಾನಿನಿಂದ ಸುಮಾರು ಇನ್ನೂರು ಅಡಿ ಹಿಂದಿರುವ ಅಡುಗೆಮನೆಯಲ್ಲಿ ಆರ್‌ಸಿಸಿಬಿ (ಹೋಗುವ ಕರೆಂಟಿಗೂ ಮರಳುವ ಕರೆಂಟಿಗೂ ವ್ಯತ್ಯಾಸ ಕಂಡರೆ, ಅಂದರೆ ಎಲ್ಲೋ ಸೋರಿದರೆ, ತಾನೇ ಬೀಳುವ ಸ್ವಿಚ್) ಟ್ರಿಪ್ ಆಗಿ, ಇಡ್ಲಿ ಹಿಟ್ಟು ರುಬ್ಬುತ್ತಿದ್ದ ಗ್ರೈಂಡರ್ ನಿಂತುಹೋಯಿತು. "ನಾವ್ಯಾರೂ ಮುಟ್ಟಿಲ್ಲ ಸಾರ್, ತನ್ನಷ್ಟಕ್ಕೆ ತಾನೇ ಬಿತ್ತು" ಎಂದರು ಅಡುಗೆ ಭಟ್ಟರು. ಕಮಾನಿನ ವೈರಿಗೂ ಅಡುಗೆಮನೆಯ ವೈರಿಗೂ ಸಂಬಂಧವೇ ಇರಲಿಲ್ಲ. ಕಮಾನಿಗೆ ಕರೆಂಟ್ ಕೊಟ್ಟಿದ್ದು ಪ್ಯಾನೆಲ್ ರೂಮಿನ ಹೊರಗೋಡೆಯ ಒಂದು ಸಾಕೆಟ್ಟಿನಿಂದ, ಅದೂ ಬೇರೆ ಫೇಸ್‌ನಿಂದ. ಮಂಟಪದ ಯಜಮಾನರು ನನ್ನನ್ನು ಕರೆಸಿದ್ದು ಕಮಾನಿನ ವೈರಿಂಗ್ ನೋಡಲಿಕ್ಕೆ. ನನಗೆ ಮಾತ್ರ ಅಡುಗೆಮನೆಯ ಟ್ರಿಪ್ಪೇ ತಲೆಯಲ್ಲಿ ಕೊರೆಯುತ್ತಿತ್ತು. ಎರಡೂ ಒಂದೇ ಕ್ಷಣಕ್ಕೆ ಆಗಿವೆ ಎಂದರೆ ಎರಡರ ನಡುವೆ ಎಲ್ಲೋ ಒಂದು ದಾರಿ ಇರಲೇಬೇಕು.

ಅಲ್ಲಿನ ವ್ಯವಸ್ಥೆ ಹೀಗಿತ್ತು. ಬೆಸ್ಕಾಂನ ಮೂರು ಫೇಸ್ ಸಂಪರ್ಕ. ಹಿಂಬದಿಯ ಶೆಡ್ಡಿನಲ್ಲಿ 62.5 ಕೆವಿಎ ಡೀಸೆಲ್ ಜನರೇಟರ್. ನಡುವೆ, ಮಂಟಪವನ್ನು ಬೆಸ್ಕಾಂಗೋ ಜನರೇಟರಿಗೋ ಜೋಡಿಸಲು, ಕೈಯಿಂದ ತಿರುಗಿಸುವ ನಾಲ್ಕು ಪೋಲಿನ ಚೇಂಜ್‌ಓವರ್ ಸ್ವಿಚ್, ಅಂದರೆ ಮೂರು ಫೇಸ್‌ಗಳ ಜೊತೆ ನ್ಯೂಟ್ರಲ್ (ಕರೆಂಟ್ ಮೂಲಕ್ಕೆ ಮರಳುವ ತಂತಿ) ಕೂಡ ಆ ಕಡೆಯಿಂದ ಈ ಕಡೆಗೆ ಬದಲಾಗುತ್ತದೆ. ಮೊದಲು ಅಲ್ಲಿ ಮೂರು ಪೋಲಿನ ಹಳೆಯ ಸ್ವಿಚ್ ಇದ್ದು, ಬೆಸ್ಕಾಂ ನ್ಯೂಟ್ರಲ್ಲೂ ಜನರೇಟರ್ ನ್ಯೂಟ್ರಲ್ಲೂ ಯಾವಾಗಲೂ ಒಂದಕ್ಕೊಂದು ಸೇರಿಕೊಂಡೇ ಇದ್ದವು. ಒಂದೆರಡು ವರ್ಷದ ಹಿಂದೆ ಅದನ್ನು ತೆಗೆದು ನಾಲ್ಕು ಪೋಲಿನದನ್ನು ಹಾಕಿದ್ದರು. ಹಾಕಿದ್ದು ಸರಿಯಾದ ಕೆಲಸವೇ. ನ್ಯೂಟ್ರಲ್ ಸೇರಿಕೊಂಡೇ ಇದ್ದರೆ, ಜನರೇಟರ್ ಓಡುವಾಗ ಮಂಟಪದ ನ್ಯೂಟ್ರಲ್ ಕರೆಂಟ್ ಬೆಸ್ಕಾಂ ಲೈನಿಗೂ ಹರಿಯಬಹುದು. ಕರೆಂಟ್ ತೆಗೆದಿದ್ದಾರೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ಅದು ಅಪಾಯ. ಹೊಸ ಸ್ವಿಚ್ಚಿನ ಕಾಂಟ್ಯಾಕ್ಟುಗಳನ್ನೂ ಬಿಚ್ಚಿ ನೋಡಿದೆ. ಹಾಕುವಾಗ ನ್ಯೂಟ್ರಲ್ ಮೊದಲು ಕೂಡುತ್ತದೆ, ತೆಗೆಯುವಾಗ ಕೊನೆಗೆ ಬಿಡುತ್ತದೆ. ಇದು ತಿರುಗುಮುರುಗಾದರೆ ಫೇಸ್‌ಗಳು ಕೂಡಿದ್ದು ನ್ಯೂಟ್ರಲ್ ಇಲ್ಲದ ಒಂದು ಗಳಿಗೆ ಬರುತ್ತದೆ. ಆಗ 415 ವೋಲ್ಟ್ ಲೋಡುಗಳ ನಡುವೆ ಹೆಚ್ಚುಕಮ್ಮಿಯಾಗಿ ಹಂಚಿಹೋಗಿ ಟಿ.ವಿ., ಎಲ್‌ಇಡಿ ಎಲ್ಲ ಸುಟ್ಟುಹೋಗುತ್ತವೆ. ಇಲ್ಲಿ ಆ ತೊಂದರೆ ಇರಲಿಲ್ಲ.

ಅಡುಗೆಮನೆಯಲ್ಲಿ ಮಾತಾಡುತ್ತಾ ನಿಂತಾಗ ಭಟ್ಟರು ಒಂದು ಮಾತು ಹೇಳಿದರು. ಇಡೀ ಪ್ರಕರಣದ ಬೀಗದ ಕೈ ಅದು.

"ಕೆಇಬಿ ಕರೆಂಟಲ್ಲಿ ಈ ಗ್ರೈಂಡರ್ ಹಾಕಿದ್ರೆ ಆ ಸ್ವಿಚ್ ಬಿದ್ದೇ ಬೀಳ್ತದೆ ಸಾರ್. ಜನರೇಟರಲ್ಲಿ ಹಾಕಿದ್ರೆ ಏನೂ ಆಗಲ್ಲ. ಅದಕ್ಕೇ ರುಬ್ಬೋ ಟೈಮಲ್ಲಿ ಜನರೇಟರ್ ಹಾಕಿಸ್ತೀವಿ. ಕೆಇಬಿಗಿಂತ ಜನರೇಟರ್ ಕರೆಂಟೇ ಒಳ್ಳೇದು."

ಆ ರಾತ್ರಿ ಬೆಸ್ಕಾಂ ಕರೆಂಟ್ ಇತ್ತು. ಗ್ರೈಂಡರ್ ಓಡಲಿ ಎಂದೇ ಡೀಸೆಲ್ ಸುಟ್ಟು ಜನರೇಟರ್ ಓಡಿಸುತ್ತಿದ್ದರು. ಇದು ಆ ಮಂಟಪದಲ್ಲಿ ರೂಢಿಯೇ ಆಗಿಬಿಟ್ಟಿತ್ತು.

ಅದೇ ಗ್ರೈಂಡರ್, ಅದೇ ಆರ್‌ಸಿಸಿಬಿ, ಅದೇ ವೈರು. ಒಂದು ಮೂಲದಲ್ಲಿ ಟ್ರಿಪ್ ಆಗುತ್ತದೆ, ಇನ್ನೊಂದರಲ್ಲಿ ಆಗುವುದಿಲ್ಲ. ಭಟ್ಟರಿಗೆ ಇದರಿಂದ ಹೊಳೆದದ್ದು ಬೆಸ್ಕಾಂ ಕರೆಂಟ್ ಕೆಟ್ಟದ್ದು ಎಂದು. ಅವರನ್ನು ದೂರಲಾರೆ. ಟ್ರಿಪ್ ಆಗದೆ ಇದ್ದರೆ ಎಲ್ಲ ಸರಿಯಿದೆ ಎಂದು ನಂಬುವುದು ಸಹಜ, ನಮ್ಮ ಕಸುಬಿನವರಲ್ಲೂ ಹಾಗೆ ನಂಬುವವರು ಬೇಕಾದಷ್ಟು ಮಂದಿ ಇದ್ದಾರೆ.

ಮೊದಲು ಗ್ರೈಂಡರ್ ನೋಡಿದೆ. ಮೋಟರಿನ ಟರ್ಮಿನಲ್ ಬಾಕ್ಸಿನ ಮುಚ್ಚಳಕ್ಕೆ ಇರಬೇಕಾದ ರಬ್ಬರ್ ಇರಲಿಲ್ಲ. ಒಳಗೆ ಫೇಸ್ ಟರ್ಮಿನಲ್ಲಿನಿಂದ ಬಾಡಿಯವರೆಗೆ ಹಿಟ್ಟಿನ ನೀರು ಇಳಿದು ಒಣಗಿ, ಕಂದು ಬಣ್ಣದ ಪದರವಾಗಿ ಅಂಟಿಕೊಂಡಿತ್ತು. ತೊಳೆದಾಗಲೆಲ್ಲ ಅದು ಮತ್ತೆ ಹಸಿಯಾಗುತ್ತದೆ. ಹಸಿಯಿದ್ದಾಗ ಫೇಸ್‌ಗೂ ಬಾಡಿಗೂ ನಡುವೆ ಬರೀ 2 ಸಾವಿರ ಓಂ ಆಸುಪಾಸು. 230 ವೋಲ್ಟಿಗೆ ಲೆಕ್ಕ ಹಾಕಿದರೆ 115 ಮಿಲಿಆಂಪಿಯರ್ ಸೋರಿಕೆ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೀಳಲೇಬೇಕು. ಬೆಸ್ಕಾಂ ಕರೆಂಟಿನಲ್ಲಿ ಅದು ಬೀಳುತ್ತಿದ್ದದ್ದು ತನ್ನ ಕೆಲಸವನ್ನು ನಿಯತ್ತಾಗಿ ಮಾಡುತ್ತಿತ್ತು ಎಂಬುದಕ್ಕೆ ಸಾಕ್ಷಿ. ಗ್ರೈಂಡರಿನ ಮೂರನೇ ಪಿನ್ನಿಗೆ ಅರ್ಥ್ ಚೆನ್ನಾಗಿಯೇ ಇತ್ತು. ಆದ್ದರಿಂದ ಭಟ್ಟರಿಗೆ ಒಮ್ಮೆಯೂ ಶಾಕ್ ಹೊಡೆದಿರಲಿಲ್ಲ.

ಹಾಗಾದರೆ ಜನರೇಟರಿನಲ್ಲಿ ಏಕೆ ಬೀಳುತ್ತಿರಲಿಲ್ಲ?

ಜನರೇಟರ್ ಹಾಕಿಸಿ ಬೋರ್ಡಿನ ನ್ಯೂಟ್ರಲ್ಲಿಗೆ ಟೆಸ್ಟರ್ ಮುಟ್ಟಿಸಿದೆ. ನಿಯಾನ್ ಉರಿಯಿತು. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ನೋಡಿದರೆ ಅಂಕೆ ಒಂದು ಕಡೆ ನಿಲ್ಲುತ್ತಿಲ್ಲ, ಮೇಲೆ ಕೆಳಗೆ ತೇಲುತ್ತಿದೆ. ಬೆಸ್ಕಾಂ ಕಡೆಗೆ ತಿರುಗಿಸಿದರೆ ಅದೇ ಜಾಗದಲ್ಲಿ ಎರಡು ಮೂರು ವೋಲ್ಟ್ ಮಾತ್ರ. ಮತ್ತೆ ಜನರೇಟರಿಗೆ ಹಾಕಿ, ತೊಳೆದ ಗ್ರೈಂಡರನ್ನು ಓಡಿಸಿದೆ. ಈಗ ಅಂಕೆ ಗಟ್ಟಿಯಾಗಿ ನಿಂತಿತು. ಮೂರು ಫೇಸ್‌ಗಳನ್ನು ಆರ್, ವೈ, ಬಿ ಎನ್ನುತ್ತೇವೆ. ಗ್ರೈಂಡರ್ ಇದ್ದ ಆರ್ ಫೇಸ್‌ಗೂ ಅರ್ಥ್‌ಗೂ ನಡುವೆ ಹೆಚ್ಚುಕಡಿಮೆ ಏನೂ ಇಲ್ಲ. ನ್ಯೂಟ್ರಲ್ 230ರ ಹತ್ತಿರ. ವೈ ಮತ್ತು ಬಿ ಫೇಸ್‌ಗಳು ಅರ್ಥ್‌ಗಿಂತ 400 ವೋಲ್ಟ್ ಮೇಲೆ.

ಜನರೇಟರಿನ ನ್ಯೂಟ್ರಲ್ ಭೂಮಿಗೆ ಎಲ್ಲೂ ಕಟ್ಟಿಲ್ಲ ಎಂದು ಅಲ್ಲಿಗೇ ಖಚಿತವಾಯಿತು. ಶೆಡ್ಡಿಗೆ ಹೋಗಿ ಆಲ್ಟರ್ನೇಟರಿನ (ಜನರೇಟರಿನಲ್ಲಿ ಕರೆಂಟ್ ಹುಟ್ಟಿಸುವ ಭಾಗ) ಟರ್ಮಿನಲ್ ಬಾಕ್ಸ್ ಬಿಚ್ಚಿದೆ. ಮೂರು ಸುರುಳಿಗಳ ತುದಿ ಸೇರಿ ನ್ಯೂಟ್ರಲ್ ಹೊರಡುವ ಸ್ಟಾರ್ ಪಾಯಿಂಟಿನ ಬೋಲ್ಟಿನಲ್ಲಿ ಪ್ಯಾನೆಲ್ಲಿಗೆ ಹೋಗುವ ನ್ಯೂಟ್ರಲ್ ಕೇಬಲ್ಲಿನ ಲಗ್ ಒಂದೇ ಇತ್ತು. ಅದರ ಮೇಲೆ ಬೋಲ್ಟಿನ ಥ್ರೆಡ್ ಅರ್ಧ ಇಂಚು ಖಾಲಿ, ಇನ್ನೂ ಹೊಳೆಯುತ್ತಿತ್ತು, ಸುತ್ತ ವಾಷರ್ ಒತ್ತಿದ ಗುರುತು. ಕೆಳಗೆ ಕಾಂಕ್ರೀಟ್ ಪೀಠದ ಬದಿಯಲ್ಲಿ ನ್ಯೂಟ್ರಲ್ ಪಿಟ್ಟುಗಳಿಂದ (ನ್ಯೂಟ್ರಲ್ಲನ್ನು ಭೂಮಿಗೆ ಕಟ್ಟಲು ತೋಡಿದ ಗುಂಡಿಗಳು) ಬಂದ ಎರಡು ಜಿಐ (ಸತು ಲೇಪಿಸಿದ ಕಬ್ಬಿಣದ) ಪಟ್ಟಿಗಳು ಮೇಲೆ ಏರಿ, ಆಲ್ಟರ್ನೇಟರಿನಿಂದ ಎರಡು ಅಡಿ ದೂರದಲ್ಲಿ ಬಾಗಿಕೊಂಡು ಸುಮ್ಮನೆ ನಿಂತಿದ್ದವು. ಅವುಗಳ ತುದಿಯ ತೂತಿನಲ್ಲಿ ನಟ್ಟು ಬೋಲ್ಟುಗಳನ್ನು ಜೋಪಾನವಾಗಿ ಹಾಕಿಟ್ಟಿದ್ದರು. ಬಾಡಿ ಅರ್ಥಿನ ಪಟ್ಟಿಗಳು ಮಾತ್ರ ಎರಡೂ ಬಿಗಿಯಾಗಿದ್ದವು.

ವಿಚಾರಿಸಿದಾಗ ಕತೆ ಹೊರಗೆ ಬಂತು. ಜನರೇಟರ್ ಕೂರಿಸಿದಾಗ ಎಲ್ಲವೂ ಕ್ರಮಬದ್ಧವಾಗಿತ್ತು, ವಿದ್ಯುತ್ ಪರಿವೀಕ್ಷಣಾಲಯದವರು ನೋಡಿ ಒಪ್ಪಿದ್ದರು. ಚೇಂಜ್‌ಓವರ್ ಬದಲಾಯಿಸಿದ ಮೇಲೆ ಗ್ರೈಂಡರ್ ಎರಡೂ ಕಡೆ ಟ್ರಿಪ್ ಮಾಡಲು ಶುರುಮಾಡಿದೆ. ಹೊರಗಿನಿಂದ ಬಂದ ಒಬ್ಬರು ಟ್ರಿಪ್ಪಿನ ಕಾರಣ ಹುಡುಕುತ್ತಾ ಈ ಪಟ್ಟಿಗಳನ್ನು ಬಿಚ್ಚಿ ನೋಡಿದ್ದಾರೆ. ಜನರೇಟರಿನಲ್ಲಿ ಟ್ರಿಪ್ ನಿಂತಿದೆ. ರಿಪೇರಿ ಆಯಿತೆಂದು ಹಾಗೇ ಬಿಟ್ಟುಹೋಗಿದ್ದಾರೆ. ಹಳೆಯ ಮೂರು ಪೋಲಿನ ಸ್ವಿಚ್ ಇದ್ದಿದ್ದರೆ ಪಟ್ಟಿ ಬಿಚ್ಚಿದರೂ ಟ್ರಿಪ್ ನಿಲ್ಲುತ್ತಿರಲಿಲ್ಲ, ಏಕೆಂದರೆ ಬೆಸ್ಕಾಂ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ಅರ್ಥ್ ಆ ಮೂಲಕ ಜನರೇಟರಿಗೂ ಸಿಗುತ್ತಿತ್ತು. ನಾಲ್ಕು ಪೋಲಿನ ಸ್ವಿಚ್ ಬಂದಮೇಲೆ ಆ ಎರವಲು ಅರ್ಥ್ ತಪ್ಪಿತು. ಸ್ವಂತದ್ದನ್ನು ಬಿಚ್ಚಿದರು. ಉಳಿದದ್ದು ಸೊನ್ನೆ.

ಈಗ ಆ ರಾತ್ರಿ ಏನಾಯಿತು ಎಂಬುದನ್ನು ಜೋಡಿಸಬಹುದು. ಸೋರಿದ ಕರೆಂಟ್ ತಾನು ಹೊರಟ ಮೂಲಕ್ಕೇ ಮರಳಬೇಕು. ನ್ಯೂಟ್ರಲ್ ಭೂಮಿಗೆ ಕಟ್ಟಿರದಿದ್ದರೆ ಭೂಮಿಗೆ ಇಳಿದ ಕರೆಂಟಿಗೆ ಹಿಂದಿರುಗುವ ದಾರಿ ಇಲ್ಲ. ದಾರಿ ಇಲ್ಲದಿದ್ದರೆ ಅದು ಹರಿಯುವುದೇ ಇಲ್ಲ, ಹರಿಯದಿದ್ದರೆ ಆರ್‌ಸಿಸಿಬಿಗೆ ವ್ಯತ್ಯಾಸ ಕಾಣುವುದಿಲ್ಲ. ಗ್ರೈಂಡರಿನ ದೋಷ ಹೀಗೆ ಸದ್ದಿಲ್ಲದೆ ಕುಳಿತಿತ್ತು. ಆದರೆ ಕುಳಿತದ್ದು ಸುಮ್ಮನೆ ಅಲ್ಲ. ಅದು ಆರ್ ಫೇಸನ್ನು ಭೂಮಿಗೆ ಕಟ್ಟಿತು, ಉಳಿದ ಎರಡು ಫೇಸ್‌ಗಳನ್ನು ಭೂಮಿಯಿಂದ 400 ವೋಲ್ಟಿಗೂ ಮೇಲಕ್ಕೆ ಎತ್ತಿತು. ಕಮಾನಿನ ಸೀರಿಯಲ್ ಸೆಟ್ ವೈ ಫೇಸಿನದು. ಅದರ ತೆಳುವಾದ ವೈರು ಪೈಪಿನ ಕ್ಲ್ಯಾಂಪಿಗೆ ಉಜ್ಜಿ ಸಿಪ್ಪೆ ಎದ್ದಿತ್ತು. ಪೈಪಿಗೆ ವೈ ಫೇಸ್ ತಗುಲಿತು. ಒದ್ದೆ ನೆಲದ ಮೇಲೆ ನಿಂತ ಹುಡುಗ ಪೈಪ್ ಹಿಡಿದ. ಕರೆಂಟ್ ವೈ ಫೇಸಿನಿಂದ ಪೈಪಿಗೆ, ಪೈಪಿನಿಂದ ಅವನ ಮೈಗೆ, ಮೈಯಿಂದ ಮಣ್ಣಿಗೆ, ಮಣ್ಣಿನಿಂದ ಅರ್ಥ್ ಪಿಟ್ಟಿಗೆ, ಅಲ್ಲಿಂದ ಗ್ರೈಂಡರಿನ ಬಾಡಿಗೆ, ಆ ಕಂದು ಪದರದ ಮೂಲಕ ಆರ್ ಫೇಸಿಗೆ ಹರಿದು ಜನರೇಟರಿಗೆ ಮರಳಿತು. ಮೈ ಮತ್ತು ನೆಲದ ತಡೆ 3 ಸಾವಿರ ಓಂ ಎಂದುಕೊಂಡರೆ 80 ಮಿಲಿಆಂಪಿಯರ್ ಸುಮಾರು. ಈ ಕರೆಂಟ್ ಅಡುಗೆಮನೆಯ ಆರ್‌ಸಿಸಿಬಿಯ ಒಂದೇ ತಂತಿಯಲ್ಲಿ ಹಾದುಹೋದದ್ದರಿಂದ ಅದು ಬಿತ್ತು. ದಾರಿ ಕಡಿದುಹೋಯಿತು, ಹುಡುಗನ ಕೈ ಬಿಟ್ಟಿತು.

ಹೊರಗಿನ ಸಾಕೆಟ್ಟಿಗೆ ಆರ್‌ಸಿಸಿಬಿಯೇ ಇರಲಿಲ್ಲ. ಅವನನ್ನು ಉಳಿಸಿದ್ದು ಇನ್ನೂರು ಅಡಿ ದೂರದ ಅಡುಗೆಮನೆಯದು. ಗ್ರೈಂಡರಿನ ಜಾಗದಲ್ಲಿ ಆರ್‌ಸಿಸಿಬಿ ಇಲ್ಲದ ಬೋರಿನ ಮೋಟರ್ ಸೋರುತ್ತಿದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲು ಮನಸ್ಸು ಹಿಂಜರಿಯುತ್ತದೆ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಮಂಟಪದ ಎಲೆಕ್ಟ್ರಿಷಿಯನ್ ಹುಡುಗ ಅಸಡ್ಡೆಯವನಲ್ಲ. ತಿಂಗಳಿಗೊಮ್ಮೆ ಪ್ರತಿ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡುತ್ತಿದ್ದ, ಜನರೇಟರ್ ಓಡುವಾಗಲೂ ಒತ್ತಿದ್ದ, ಪ್ರತಿ ಸಲವೂ ಟ್ರಿಪ್ ಆಗಿತ್ತು. ಆ ಬಟನ್ ಮಾಡುವುದು ಇಷ್ಟೇ: ಆರ್‌ಸಿಸಿಬಿಯ ಒಳಗೇ ಫೇಸಿನಿಂದ ನ್ಯೂಟ್ರಲ್ಲಿಗೆ, ವ್ಯತ್ಯಾಸ ಅಳೆಯುವ ಕಾಯಿಲನ್ನು ಒಂದು ಬದಿಯಲ್ಲಿ ತಪ್ಪಿಸಿ, ಸ್ವಲ್ಪ ಕರೆಂಟ್ ಹಾಯಿಸುತ್ತದೆ. ಅದರಲ್ಲಿ ಅರ್ಥಿನ ಪಾತ್ರವೇ ಇಲ್ಲ. ಅರ್ಥ್ ಪಿಟ್ ಇಲ್ಲದ ಮನೆಯಲ್ಲೂ, ನ್ಯೂಟ್ರಲ್ ಕಟ್ಟಿರದ ಜನರೇಟರಿನಲ್ಲೂ ಬಟನ್ ಕೆಲಸ ಮಾಡುತ್ತದೆ. ಆರ್‌ಸಿಸಿಬಿಯ ಯಂತ್ರ ಸರಿಯಿದೆಯೇ ಎಂದಷ್ಟೇ ಅದು ಹೇಳುತ್ತದೆ. ಕಾಪಾಡುತ್ತದೆಯೇ ಎಂದು ತಿಳಿಯಬೇಕಾದರೆ ಆರ್‌ಸಿಸಿಬಿ ಟೆಸ್ಟರನ್ನು ಸಾಕೆಟ್ಟಿಗೆ ಹಾಕಿ ಫೇಸಿನಿಂದ ಅರ್ಥ್‌ಗೆ 30 ಮಿಲಿಆಂಪಿಯರ್ ಹಾಯಿಸಿ ನೋಡಬೇಕು. ಅದೂ ಎರಡು ಸಲ, ಬೆಸ್ಕಾಂ ಮೇಲೊಮ್ಮೆ, ಜನರೇಟರ್ ಮೇಲೊಮ್ಮೆ. ಆ ದಿನ ಗ್ರೈಂಡರ್ ಕಿತ್ತು ಜನರೇಟರ್ ಮೇಲೆ ನೋಡಿದಾಗ ಒಂದೇ ಒಂದು ಆರ್‌ಸಿಸಿಬಿಯೂ ಬೀಳಲಿಲ್ಲ.

ನ್ಯೂಟ್ರಲ್ ಹೀಗೆ ಭೂಮಿಗೆ ಕಟ್ಟದೆ ತೇಲುವುದೇ ಎಲ್ಲ ಕಡೆಯೂ ತಪ್ಪು ಎಂದಲ್ಲ. ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಬೇಕೆಂದೇ ಹಾಗೆ ಮಾಡುತ್ತಾರೆ. ಆದರೆ ಅಲ್ಲಿ ಮೊದಲ ದೋಷ ಬಂದೊಡನೆ ಎಚ್ಚರಿಸುವ ಇನ್ಸುಲೇಷನ್ ಮಾನಿಟರ್ ಇರುತ್ತದೆ, ನೋಡಿಕೊಳ್ಳುವವರೂ ಇರುತ್ತಾರೆ. ಮದುವೆ ಮಂಟಪದಲ್ಲಿ ಎರಡೂ ಇಲ್ಲ.

ಸರಿಪಡಿಸುವ ಕೆಲಸಕ್ಕೆ ಬಂದಾಗ ಆ ಎಲೆಕ್ಟ್ರಿಷಿಯನ್ ಹುಡುಗ ಕೇಳಿದ: "ಸಾರ್, ನ್ಯೂಟ್ರಲ್ ಅರ್ಥ್‌ನೂ ಬಾಡಿ ಅರ್ಥ್‌ನೂ ಸೇರಿಸಬಾರ್ದು ಅಂತಾರಲ್ಲ? ನೀವು ಎರಡನ್ನೂ ಒಂದೇ ಅರ್ಥ್ ಬಾರ್ ಪಟ್ಟಿಗೆ ಕಟ್ಟಿಸ್ತಿದ್ದೀರಲ್ಲ?"

ಒಳ್ಳೆಯ ಪ್ರಶ್ನೆ. ಈ ಮಾತು ನಮ್ಮ ಕಡೆ ಎಲ್ಲ ಎಲೆಕ್ಟ್ರಿಷಿಯನ್ನರ ಬಾಯಲ್ಲೂ ಇದೆ, ಹುಟ್ಟಿದ್ದು ಸರಿಯಾದ ಜಾಗದಲ್ಲೇ. ಬೆಸ್ಕಾಂ ನ್ಯೂಟ್ರಲ್ಲನ್ನು ಗ್ರಾಹಕ ತನ್ನ ಬೋರ್ಡಿನಲ್ಲಿ ಬಾಡಿ ಅರ್ಥ್‌ಗೆ ಕಟ್ಟಬಾರದು. ಹಾಗೆ ಕಟ್ಟಿದ್ದಾಗ ಹೊರಗೆ ಕಂಬದಲ್ಲಿ ನ್ಯೂಟ್ರಲ್ ಕಡಿದುಹೋದರೆ ಮನೆಯ ಫ್ರಿಜ್, ಗ್ರೈಂಡರ್, ನಲ್ಲಿ ಎಲ್ಲದರ ಮೈಗೂ ಕರೆಂಟ್ ಬರುತ್ತದೆ. ಆದರೆ ಜನರೇಟರ್ ಓಡುವಾಗ ಮೂಲವೇ ನಮ್ಮ ಶೆಡ್ಡಿನಲ್ಲಿದೆ. ಬೆಸ್ಕಾಂ ಟ್ರಾನ್ಸ್‌ಫಾರ್ಮರಿನ ಹತ್ತಿರ ಮಾಡುವ ಕೆಲಸವನ್ನು ಇಲ್ಲಿ ನಾವು ಮಾಡಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿಯೂ, ಅದರ ಜಾಗಕ್ಕೆ ಬಂದ 2023ರದ್ದೂ ಜನರೇಟರಿನ ನ್ಯೂಟ್ರಲ್ಲಿಗೆ ಎರಡು ಪ್ರತ್ಯೇಕ ಅರ್ಥ್ ಸಂಪರ್ಕ, ಬಾಡಿಗೆ ಎರಡು ಪ್ರತ್ಯೇಕ ಸಂಪರ್ಕ ಕೇಳುತ್ತವೆ. ಸಂಪರ್ಕಗಳು ಪ್ರತ್ಯೇಕ ಇರಬೇಕು ಎಂದರೆ ಪಿಟ್ಟುಗಳು ಒಂದಕ್ಕೊಂದು ಸೇರಲೇಬಾರದು ಎಂದು ಅರ್ಥವಲ್ಲ.

ಅವನಿಗೆ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಅಳತೆಯಲ್ಲಿ ಬಾಡಿ ಪಿಟ್ಟುಗಳು 9 ಓಂ, ನ್ಯೂಟ್ರಲ್ ಪಿಟ್ಟುಗಳು 11 ಓಂ ಬಂದಿದ್ದವು. ಎರಡನ್ನೂ ಬೇರೆ ಬೇರೆ ಇಟ್ಟರೆ ದೋಷದ ಕರೆಂಟ್ ಬಾಡಿ ಪಿಟ್ಟಿನಿಂದ ಮಣ್ಣು ದಾಟಿ ನ್ಯೂಟ್ರಲ್ ಪಿಟ್ಟಿಗೆ ಹೋಗಬೇಕು: 230 ಭಾಗಿಸು 20, ಬರೀ 11.5 ಆಂಪಿಯರ್. ಕರೆಂಟ್ ಮಿತಿ ಮೀರಿದರೆ ಮಾತ್ರ ಬೀಳುವ ಸ್ವಿಚ್ಚಾದ ಎಂಸಿಬಿ 32 ಆಂಪಿಯರಿನದಿದ್ದರೆ, ಅದಕ್ಕೆ ಇದು ಮಾಮೂಲಿ ಲೋಡ್. ಅಷ್ಟು ಹೊತ್ತೂ ಉಪಕರಣದ ಮೈಮೇಲೆ 100 ವೋಲ್ಟಿಗೂ ಮೇಲೆ ನಿಂತಿರುತ್ತದೆ. ಎರಡನ್ನೂ ಜನರೇಟರ್ ಹತ್ತಿರ ಒಂದೇ ಅರ್ಥ್ ಬಾರಿಗೆ ಕಟ್ಟಿದರೆ ಕರೆಂಟ್ ಮಣ್ಣಿಗೆ ಇಳಿಯುವ ಅಗತ್ಯವೇ ಇಲ್ಲ, ಲೋಹದ ದಾರಿಯಲ್ಲೇ ವಾಪಸ್ ಬರುತ್ತದೆ.

ಚಿತ್ರದುರ್ಗದಂಥ ಊರಿನಲ್ಲಿ ಇದು ಇನ್ನೂ ಮುಖ್ಯ. ಕೋಟೆಯ ಬಂಡೆಗಳು ಊರಿನ ಕೆಳಗೂ ಹರಡಿವೆ, ನಾಲ್ಕು ಅಡಿ ಅಗೆದರೆ ಪಿಕಾಸಿ ಠಣ್ ಎನ್ನುತ್ತದೆ. ಮಣ್ಣಿನ ರೆಸಿಸ್ಟಿವಿಟಿ (ಕರೆಂಟಿಗೆ ಮಣ್ಣು ಒಡ್ಡುವ ತಡೆಯ ಅಳತೆ) 100 ಓಂ-ಮೀಟರ್ ಇರುವ ಸಾಧಾರಣ ನೆಲದಲ್ಲೂ ಮೂರು ಮೀಟರಿನ ಒಂದು ಪೈಪ್ ಕೊಡುವುದು 29 ಓಂ ಸುಮಾರು. ಬಂಡೆಯಲ್ಲಿ ಅದರ ಮೂರು ಪಟ್ಟು ಬಂದರೂ ಆಶ್ಚರ್ಯವಿಲ್ಲ. ಉಪ್ಪು, ಇದ್ದಿಲು, ಬೆಂಟೊನೈಟ್ ಜೇಡಿಮಣ್ಣು ಸಹಾಯ ಮಾಡುತ್ತವೆ, ಬೇಸಿಗೆಯಲ್ಲಿ ನೀರು ಹಾಕುವುದೂ ಮಾಡುತ್ತದೆ. ಇಲ್ಲಿ ಪಿಟ್ಟುಗಳು ಕೈತೊಳೆಯುವ ನೀರು ಹರಿಯುವ ಕಡೆ ಇದ್ದದ್ದರಿಂದ ಇಷ್ಟಾದರೂ ಬಂದಿತ್ತು. ಆದರೂ ಎಂಸಿಬಿ ಬೀಳಿಸುವ ಭಾರವನ್ನು ಮಣ್ಣಿನ ಮೇಲೆ ಹೊರಿಸಬಾರದು. ಆರ್‌ಸಿಸಿಬಿಯ ಲೆಕ್ಕ ಬೇರೆ. ಮುಟ್ಟಿದವರ ಮೈಗೆ 50 ವೋಲ್ಟ್ ಮೀರಬಾರದು ಎಂದಿಟ್ಟುಕೊಂಡರೆ 30 ಮಿಲಿಆಂಪಿಯರಿನದಕ್ಕೆ 1666 ಓಂ ಅರ್ಥ್ ಇದ್ದರೂ ಸಾಕು. ಬಂಡೆ ನೆಲದಲ್ಲಿ ಅದೇ ನಮ್ಮ ನೆಚ್ಚಿನ ಆಸರೆ.

ಲೋಹದ ದಾರಿ ಇದ್ದರೂ ಜನರೇಟರಿನಲ್ಲಿ ಎಂಸಿಬಿಯನ್ನು ಪೂರ್ತಿ ನಂಬುವಂತಿಲ್ಲ. 62.5 ಕೆವಿಎ ಆಲ್ಟರ್ನೇಟರಿನ ಪೂರ್ಣ ಲೋಡ್ 87 ಆಂಪಿಯರ್. ಶಾರ್ಟ್ ಆದಾಗ ಮೊದಲ ಕೆಲವು ಸೈಕಲ್ ಜೋರಾಗಿ ಕೊಟ್ಟು ಆಮೇಲೆ ಕುಸಿಯುತ್ತದೆ. ಎಕ್ಸೈಟೇಷನ್‌ಗೆ (ಒಳಗಿನ ಅಯಸ್ಕಾಂತಕ್ಕೆ ಬಲ ಕೊಡುವ ಕರೆಂಟಿಗೆ) ಪ್ರತ್ಯೇಕ ಆಸರೆ ಇರುವ ಒಳ್ಳೆಯ ಆಲ್ಟರ್ನೇಟರ್ ಸುಮಾರು ಮೂರು ಪಟ್ಟು, ಅಂದರೆ 260 ಆಂಪಿಯರ್ ಸ್ವಲ್ಪ ಹೊತ್ತು ಹಿಡಿದು ನಿಲ್ಲಬಹುದು. ಅದಿಲ್ಲದ್ದು ಅಷ್ಟೂ ಹಿಡಿಯುವುದಿಲ್ಲ. ಸಿ ಕರ್ವ್ ಎಂಬ ಬಗೆಯ 63 ಆಂಪಿಯರ್ ಎಂಸಿಬಿ ತಕ್ಷಣ ಬೀಳಲು ಕನಿಷ್ಠ 315 ಆಂಪಿಯರ್ ಬೇಕು. ಬೆಸ್ಕಾಂ ಟ್ರಾನ್ಸ್‌ಫಾರ್ಮರ್ ಶಾರ್ಟ್ ಆದಾಗ ಕೊಡುವ ಕರೆಂಟಿಗೆ ಹೊಂದಿಸಿದ ಎಂಸಿಬಿಗಳು ಜನರೇಟರಿನಲ್ಲಿ ನಿಧಾನವಾಗುವುದು ಇದರಿಂದಲೇ. ಹಾಗಾಗಿ ಚೇಂಜ್‌ಓವರ್ ದಾಟಿದ ಮೇಲೆ ನಾಲ್ಕೂ ಕಂಡಕ್ಟರುಗಳನ್ನು ಒಂದೇ ರಿಂಗ್ ಸಿಟಿಯೊಳಗೆ (ಕರೆಂಟ್ ಅಳೆಯುವ ಬಳೆಯಂಥ ಕಾಯಿಲ್) ಹಾಯಿಸಿ 300 ಮಿಲಿಆಂಪಿಯರಿನ ಅರ್ಥ್ ಲೀಕೇಜ್ ರಿಲೇ, ಅಂದರೆ ಸೋರಿಕೆ ಕಂಡರೆ ಇಡೀ ಮಂಟಪದ ಕರೆಂಟ್ ಕಡಿಯುವ ಸಾಧನ, ಹಾಕಿಸಿದೆ. ಒಳಗಿನ 30 ಮಿಲಿಆಂಪಿಯರಿನವು ಮೊದಲು ಬೀಳಲಿ ಎಂದು ಅದಕ್ಕೆ ಸ್ವಲ್ಪ ವಿಳಂಬ ಇಟ್ಟೆ. ಯಾವ ಮೂಲದ ಮೇಲಿದ್ದರೂ ಅದೊಂದು ಕಾವಲು.

ನ್ಯೂಟ್ರಲ್ ಪಟ್ಟಿಗಳನ್ನು ಬಿಗಿದು, ಗ್ರೈಂಡರನ್ನು ಹಾಗೇ ಹಸಿಯಾಗಿಯೇ ಜನರೇಟರಿನಲ್ಲಿ ಹಾಕಿಸಿದೆ. ತಿರುಗುವ ಮೊದಲೇ ಆರ್‌ಸಿಸಿಬಿ ಬಿತ್ತು. "ಅಯ್ಯೋ, ಈಗ ಇದರಲ್ಲೂ ಬೀಳ್ತದಲ್ಲ ಸಾರ್" ಎಂದರು ಭಟ್ಟರು. ಬೀಳಬೇಕು ಎಂದೇ ಇಷ್ಟೆಲ್ಲ ಮಾಡಿದ್ದು ಎಂದು ಅವರಿಗೆ ಕೂರಿಸಿ ಹೇಳಿದೆ. ಟರ್ಮಿನಲ್ ಬಾಕ್ಸ್ ತೊಳೆದು ಒಣಗಿಸಿ, ಹೊಸ ಟರ್ಮಿನಲ್ ಪ್ಲೇಟ್, ರಬ್ಬರ್ ಹಾಕಿಸಿದ ಮೇಲೆ ಗ್ರೈಂಡರ್ ಎರಡೂ ಕರೆಂಟಿನಲ್ಲಿ ಓಡಿತು.

ಸಂಜೆ ತೋಟದ ದೀಪ ಹಾಕಿದೊಡನೆ ಹೊಸ ರಿಲೇ ಬಿತ್ತು. ಹುಡುಕಿದರೆ, ತೋಟದ ಕೇಬಲ್ಲಿನ ನ್ಯೂಟ್ರಲ್ ಎಂದೋ ಕಡಿದಿತ್ತು, ಯಾರೋ ಅರ್ಥ್ ವೈರನ್ನೇ ನ್ಯೂಟ್ರಲ್ ಮಾಡಿ ಕೊಟ್ಟಿದ್ದರು. ಫ್ಲಡ್‌ಲೈಟುಗಳ ಕರೆಂಟೆಲ್ಲ ಅರ್ಥ್ ಬಾರಿಗೆ ಇಳಿಯುತ್ತಿತ್ತು. ಕೇಬಲ್ ಬದಲಾಯಿಸಿದೆವು. ಇಂಥದ್ದು ನಮ್ಮ ಕಡೆ ಎಷ್ಟು ಮಾಮೂಲಿ ಎಂದರೆ, ರಿಲೇ ಹಾಕಿದ ದಿನವೇ ಬೀಳದಿದ್ದರೆ ನನಗೆ ಅನುಮಾನ ಬರುತ್ತದೆ.

ಹೊರಗಿನ ಸಾಕೆಟ್ಟಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬಂತು. ಕಮಾನಿನ ಪೈಪುಗಳಿಗೆ ಅರ್ಥ್ ವೈರ್ ಕಟ್ಟಲು ಅಲ್ಲೇ ಒಂದು ಟರ್ಮಿನಲ್ ಕೊಟ್ಟೆವು. ಕೊನೆಗೆ ಪ್ರತಿ ಆರ್‌ಸಿಸಿಬಿಯನ್ನೂ ಟೆಸ್ಟರಿನಿಂದ ಎರಡೂ ಮೂಲಗಳ ಮೇಲೆ ನೋಡಿ ಸಮಯ ಬರೆದುಕೊಂಡೆ. ಆರ್‌ಸಿಸಿಬಿಗಳ ಭಾರತೀಯ ಮಾನಕ ಐಎಸ್ 12640 ಪ್ರಕಾರ 30 ಮಿಲಿಆಂಪಿಯರಿಗೆ 300 ಮಿಲಿಸೆಕೆಂಡಿನೊಳಗೆ, ಅದರ ಐದು ಪಟ್ಟಿಗೆ 40ರೊಳಗೆ ಬೀಳಬೇಕು. ಒಂದು ಹಳೆಯದು ನಿಧಾನವಾಗಿತ್ತು, ಬದಲಾಯಿಸಿದೆವು. ಪೆಟ್ಟಾದ ಅವಘಡವಾದ್ದರಿಂದ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕಾದದ್ದು ಕಾನೂನು. 2003ರ ವಿದ್ಯುತ್ ಕಾಯ್ದೆಯ 161ನೇ ಕಲಂ ಅದನ್ನೇ ಹೇಳುತ್ತದೆ. ಯಜಮಾನರು ಹಿಂಜರಿಯದೆ ಬರೆದುಕೊಟ್ಟರು.

ಬೆಸ್ಕಾಂ ಕಡೆಯ ದೋಷದ ದಾರಿ ಈಗಲೂ ಮಣ್ಣಿನ ಮೂಲಕವೇ. ನಾಲ್ಕೂ ಪಿಟ್ ಸೇರಿಸಿದ ಮೇಲೆ ಲೂಪ್ (ಕರೆಂಟ್ ಹೋಗಿ ಮರಳುವ ಪೂರ್ತಿ ದಾರಿಯ ತಡೆ) 8 ಓಂ ಸುಮಾರು, ಅಂದರೆ 29 ಆಂಪಿಯರ್. ಎಂಸಿಬಿಗೆ ಸಾಲದು, ಆ ಕಡೆ ಆರ್‌ಸಿಸಿಬಿಗಳೇ ದಿಕ್ಕು. ಏಪ್ರಿಲ್‌ನಲ್ಲಿ ನೆಲ ಒಣಗಿದಾಗ ಪಿಟ್ಟುಗಳನ್ನು ಮತ್ತೆ ಅಳೆಯುವುದೆಂದು ಗೊತ್ತುಮಾಡಿದ್ದೇವೆ. ಶಾಮಿಯಾನದವರು ತಮ್ಮದೇ ಬೋರ್ಡ್ ತಂದು ಪ್ಯಾನೆಲ್ಲಿನಿಂದ ನೇರ ವೈರ್ ಎಳೆಯುವುದನ್ನು ನಿಲ್ಲಿಸಲು ಯಜಮಾನರು ಬಾಡಿಗೆ ಚೀಟಿಯಲ್ಲೇ ಒಂದು ಷರತ್ತು ಅಚ್ಚು ಹಾಕಿಸಿದ್ದಾರೆ: ಹೊರಗಿನ ದೀಪಾಲಂಕಾರಕ್ಕೆಲ್ಲ ಆರ್‌ಸಿಸಿಬಿ ಇರುವ ಆ ಸಾಕೆಟ್ಟಿನಿಂದಲೇ ಕರೆಂಟ್ ತೆಗೆದುಕೊಳ್ಳಬೇಕು, ಕಮಾನಿಗೆ ಅರ್ಥ್ ಕಟ್ಟಿದ ಮೇಲೆಯೇ ಸ್ವಿಚ್ ಹಾಕಬೇಕು.